ಅಂಗಡಿ ತುಂಬಿದರೂ ರಷ್ಯನ್ನರ ಭಯ ಏಕೆ ಇಳಿಯಲಿಲ್ಲ?

1992ರಲ್ಲಿ ರಷ್ಯಾದ ಖಾಲಿ ಅಂಗಡಿಗಳಲ್ಲಿ ಮತ್ತೆ ಸಾಮಾನು ಕಾಣಿಸಿತು, ಕ್ಯೂ ಕರಗಿತು. ಹಾಗಿದ್ದೂ ಜನರ ಆತಂಕ ಹೆಚ್ಚಿದ್ದೇಕೆ ಅಂತ ಕೇಳಿದ್ದೀರಿ. ಬೆಲೆ ಏರಿತು, ಅಷ್ಟೇ ಅನ್ನುವವರು ಬಹಳ. ನನ್ನ ಪ್ರಕಾರ ಅದು ಅರ್ಧ ಉತ್ತರ. ಜನ ಬೆಲೆಗಿಂತ ಹೆಚ್ಚಾಗಿ ಹೆದರಿದ್ದು ಸರ್ಕಾರದ ಮುಂದಿನ ಪ್ರಕಟಣೆಗೆ.

ಕಥೆ ಒಂದು ವರ್ಷ ಹಿಂದೆಯೇ ಶುರು. 1991ರ ಜನವರಿ 22ರ ರಾತ್ರಿ ಟಿವಿಯಲ್ಲಿ ಸುದ್ದಿ ಬಂತು: 1961ರ ಮಾದರಿಯ 50 ಮತ್ತು 100 ರೂಬಲ್ ನೋಟು ರದ್ದು. ಬದಲಾಯಿಸಿಕೊಳ್ಳಲು ಮೂರು ದಿನ, ತಲೆಗೆ 1000 ರೂಬಲ್ ಮಿತಿ, ಖಾತೆಯಿಂದ ತಿಂಗಳಿಗೆ 500 ಮಾತ್ರ. ಕಾಳಸಂತೆಯವರಿಗೆ ಪೆಟ್ಟು ಎಂದರು. ಮನೆಯಲ್ಲಿ ನೋಟು ಕಟ್ಟಿಟ್ಟಿದ್ದ ಮುದುಕರಿಗೂ ಬಿತ್ತು.

ಆಮೇಲೆ 1992ರ ಜನವರಿ 2. ಅಧ್ಯಕ್ಷ ಯೆಲ್ತ್ಸಿನ್ ಸರ್ಕಾರದ ಉಪಪ್ರಧಾನಿ ಗೈದಾರ್ ಬಹುತೇಕ ವಸ್ತುಗಳ ಬೆಲೆ ನಿಯಂತ್ರಣ ತೆಗೆದುಹಾಕಿದರು. ಇಲ್ಲಿ ಒಳಗಿನ ಲೆಕ್ಕ ತಿಳಿಯಬೇಕು. ಸೋವಿಯತ್ ಕೊನೆಯ ವರ್ಷಗಳಲ್ಲಿ ಸಂಬಳ ಏರುತ್ತಲೇ ಇತ್ತು, ಸರಕು ಏರಲಿಲ್ಲ, ಬೆಲೆ ಮಾತ್ರ ಸರ್ಕಾರ ಬರೆದಿಟ್ಟದ್ದೇ. ಕೊಳ್ಳಲು ಏನೂ ಸಿಗದೆ ಉಳಿದ ಹಣ ಸರ್ಕಾರಿ ಉಳಿತಾಯ ಬ್ಯಾಂಕಾದ ಸ್ಬೆರ್‌ಬ್ಯಾಂಕ್ ಖಾತೆಗಳಲ್ಲಿ ಕೂತಿತು. ಅಂದರೆ ಆ ಉಳಿತಾಯದ ಒಂದು ಭಾಗಕ್ಕೆ ಎದುರಾಗಿ ಸರಕೇ ಇರಲಿಲ್ಲ. ನಿಯಂತ್ರಣ ಹೋದದ್ದೇ ತಡ, ಜನವರಿ ಒಂದರಲ್ಲೇ ಬೆಲೆಗಳು ಸುಮಾರು ಮೂರೂವರೆ ಪಟ್ಟು, ವರ್ಷದ ಕೊನೆಗೆ ಸುಮಾರು 26 ಪಟ್ಟು. ಖಾತೆಯಲ್ಲಿದ್ದ 1000 ರೂಬಲ್‌ಗೆ ಹಳೆಯ 40 ರೂಬಲ್‌ನಷ್ಟೂ ಸರಕು ಬರಲಿಲ್ಲ. ತಮ್ಮ ಮಣ್ಣಿನ ಖರ್ಚಿಗೆಂದೇ ಕೂಡಿಟ್ಟವರ ಗತಿ ಊಹಿಸಿ. ಅವರ ಪಾಲಿಗೆ ತುಂಬಿದ ಅಂಗಡಿ ಬರೀ ಪ್ರದರ್ಶನ.

ಮೂರನೆಯ ಪೆಟ್ಟು 1993ರ ಜುಲೈ 24, ಶನಿವಾರ. 1961ರಿಂದ 1992ರವರೆಗಿನ ನೋಟುಗಳು ಸೋಮವಾರದಿಂದ ಚಲಾವಣೆಯಲ್ಲಿಲ್ಲ ಎಂದಿತು ಕೇಂದ್ರ ಬ್ಯಾಂಕು. ಬೇಸಿಗೆ ರಜೆಯ ಕಾಲ, ಎಷ್ಟೋ ಜನ ಊರಲ್ಲೇ ಇಲ್ಲ. ಗದ್ದಲವೆದ್ದ ಮೇಲೆ ನೋಟು ಬದಲಾಯಿಸುವ 35,000 ರೂಬಲ್ ಮಿತಿ ಒಂದು ಲಕ್ಷಕ್ಕೆ ಏರಿತು, ಗಡುವು ಆಗಸ್ಟ್ ಕೊನೆಗೆ ಹೋಯಿತು.

ಹೀಗಾಗಿ ಸಂಬಳ ಕೈಗೆ ಬಂದ ಕೂಡಲೇ ಡಾಲರ್ ಕೊಳ್ಳುವುದು, ಇಲ್ಲವೇ ಸಕ್ಕರೆ, ಬೇಳೆಕಾಳು ತುಂಬಿಡುವುದು, ಊರಾಚೆಯ ಡಾಚಾ ತೋಟದಲ್ಲಿ ಆಲೂಗಡ್ಡೆ ಹಾಕುವುದು. ಇದನ್ನು ಗಾಬರಿ ಎನ್ನಲು ನನಗೆ ಮನಸ್ಸಿಲ್ಲ. ರೂಬಲ್ ಇಟ್ಟುಕೊಂಡವನೇ ಸೋಲುತ್ತಿದ್ದ. ತೊಂದರೆ ಏನೆಂದರೆ, ಎಲ್ಲರೂ ಹಾಗೆ ಮಾಡಿದಾಗ ರೂಬಲ್ ಇನ್ನಷ್ಟು ಬೇಗ ಕುಸಿಯುತ್ತದೆ.

ಪೋಲೆಂಡ್ ಜೊತೆ ಹೋಲಿಸಿದರೆ ವ್ಯತ್ಯಾಸ ಕಾಣುತ್ತದೆ. ಅಲ್ಲೂ 1990ರ ಜನವರಿಯಲ್ಲಿ ಬೆಲೆ ಶೇ. 80ರ ಹತ್ತಿರ ಜಿಗಿಯಿತು. ಆದರೆ ಬಹಳ ಮಂದಿಗೆ ಮೊದಲೇ ಕಾನೂನುಬದ್ಧ ಡಾಲರ್ ಖಾತೆಗಳಿದ್ದವು, ಹಾಗಾಗಿ ಆತಂಕ ಉಳಿತಾಯಕ್ಕಿಂತ ಕೆಲಸದ ಕಡೆ ತಿರುಗಿತು: ವರ್ಷದ ಕೊನೆಗೆ ನೋಂದಾಯಿತ ನಿರುದ್ಯೋಗಿಗಳು 10 ಲಕ್ಷ ದಾಟಿದರು. ರಷ್ಯಾದ ಕಾರ್ಖಾನೆಗಳು ಅಷ್ಟು ಜನರನ್ನು ತೆಗೆಯಲಿಲ್ಲ. ಕೆಲಸ ಉಳಿಸಿ, ತಿಂಗಳುಗಟ್ಟಲೆ ಸಂಬಳ ಬಾಕಿ ಇಟ್ಟವು. ಕೆಲವೆಡೆ ಸಂಬಳದ ಬದಲು ತಾವೇ ತಯಾರಿಸಿದ ಮಾಲು ಕೊಟ್ಟವು, ಅದನ್ನು ರಸ್ತೆ ಬದಿ ಮಾರಿ ಕಾಸು ಮಾಡಿಕೊಳ್ಳಬೇಕಿತ್ತು.