ಶೂಟಿಂಗ್ ಬೇಡ ಅಂತ ಮಗಳು ಅಳುತ್ತಾಳೆ

ಪ್ರಶ್ನೆ: ನನ್ನ ಮಗಳಿಗೆ 9 ವರ್ಷ, ಧಾರಾವಾಹಿಯಲ್ಲಿ ನಟಿಸುತ್ತಾಳೆ. ಎಲ್ಲಿ ಹೋದರೂ ಜನ ಪಾತ್ರದ ಹೆಸರಲ್ಲೇ ಕರೆದು ಸೆಲ್ಫಿ ಕೇಳುತ್ತಾರೆ. ಈಗೀಗ ಶೂಟಿಂಗ್ ಬೇಡ ಅಂತ ಅಳುತ್ತಾಳೆ. ಒಪ್ಪಂದ ಮುಗಿದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅವಳ ಅಳುವನ್ನು ನಂಬಿ, ಸುಮ್ನೆ ಹಟ ಅನ್ನಬೇಡಿ. ತಾನು ಬೇಡ ಅಂದರೆ ಇಡೀ ತಂಡದ ಕೆಲಸ ನಿಲ್ಲುತ್ತದೆ, ಅಪ್ಪ ಅಮ್ಮನಿಗೆ ಬೇಜಾರಾಗುತ್ತದೆ ಅನ್ನುವುದು ಆ ಮಗುವಿಗೂ ಗೊತ್ತು, ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಕ್ಕಿಲ್ಲ. ನಿರ್ಮಾಪಕರ ಜೊತೆ ಕೂತು ಮಾತಾಡಿ. ಪಾತ್ರವನ್ನು ಕೆಲವು ಕಂತು ಊರಿಗೆ ಕಳಿಸುವುದು ಕಥೆ ಬರೆಯುವವರಿಗೆ ಹೊಸದೇನಲ್ಲ ಅಲ್ವಾ! ಸೆಲ್ಫಿಗೆ ನೀವೇ ಅಡ್ಡ ನಿಂತು 'ಇವತ್ತು ಬೇಡ' ಅನ್ನಿ. ನೆಂಟರ ಮುಂದೆ ಡೈಲಾಗ್ ಹೇಳಿಸುವುದಂತೂ ಬೇಡವೇ ಬೇಡ.

ನೀವು ಕೇಳದ ಒಂದು ವಿಷಯ, ದುಡ್ಡಿನದು. 1921ರಲ್ಲಿ ಚಾಪ್ಲಿನ್ ಜೊತೆ ನಟಿಸಿ ಜಗತ್ತಿಗೇ ಪರಿಚಯವಾದ ಹುಡುಗ ಜಾಕಿ ಕೂಗನ್ ದೊಡ್ಡವನಾಗಿ ನೋಡಿದರೆ, ಅವನ ಲಕ್ಷಾಂತರ ಡಾಲರ್ ಗಳಿಕೆಯ ಬಹುಪಾಲನ್ನು ತಾಯಿ, ಮಲತಂದೆ ಖರ್ಚು ಮಾಡಿದ್ದರು. 1938ರಲ್ಲಿ ಕೋರ್ಟಿಗೆ ಹೋದ. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ಬಾಲ ಕಲಾವಿದರ ಗಳಿಕೆ ಕಾಪಾಡಲು ಕಾನೂನೇ ಬಂತು. ಮಗಳ ಸಂಭಾವನೆ ಅವಳ ಹೆಸರಿನ ಖಾತೆಯಲ್ಲೇ ಇರಲಿ, ಮನೆ ಖರ್ಚಿಗೆ ಮುಟ್ಟಬೇಡಿ. ಆಗ ಅವಳು ನಾಳೆಯೇ ನಿಲ್ಲಿಸುತ್ತೇನೆ ಅಂದರೂ ಮನೆ ನಡೆಯುತ್ತದೆ.