ತೋಟದ ಹಳ್ಳದಿಂದ ಮನೆಗೆ ಕರೆಂಟ್ ಸಿಗುತ್ತಾ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಕಾಫಿ ತೋಟದಲ್ಲಿ ಹಳ್ಳ ಹರಿಯುತ್ತದೆ. ಅದರಿಂದ ಮನೆಗೆ ಕರೆಂಟ್ ಮಾಡಬಹುದಾ?

ಉತ್ತರ: ಮಾಡಬಹುದು. ಆದರೆ ನೀರು ಎಷ್ಟಿದೆ ಅನ್ನುವಷ್ಟೇ ಎಷ್ಟು ಎತ್ತರದಿಂದ ಇಳಿಯುತ್ತದೆ ಅನ್ನುವುದೂ ಮುಖ್ಯ. ಸುಮ್ನೆ ಅಂದಾಜು ಮಾಡಬೇಡಿ, ಅಳೆಯಿರಿ. ಚಿಕ್ಕ ಕಟ್ಟೆ ಹಾಕಿ, ನೀರನ್ನೆಲ್ಲ ಪೈಪಿಗೆ ತಿರುಗಿಸಿ ಬಕೆಟ್ ಹಿಡಿಯಿರಿ. 20 ಲೀಟರ್ ಬಕೆಟ್ 4 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್ ಆಯಿತು. ಅದು 20 ಮೀಟರ್ ಇಳಿದರೆ 5 × 20 × 9.81 (ಇದು ಗುರುತ್ವಾಕರ್ಷಣೆಯ ಲೆಕ್ಕ), ಅಂದರೆ ಸುಮಾರು 980 ವ್ಯಾಟ್. ಪೈಪು, ಟರ್ಬೈನ್, ಜನರೇಟರ್‌ನಲ್ಲಿ ಅರ್ಧ ಹೋದರೂ 490 ಉಳಿಯುತ್ತದೆ. ಕಡಿಮೆ ಅನ್ನಿಸಬಹುದು. ಆದರೆ ಹಗಲೂ ರಾತ್ರಿ ಓಡುತ್ತದೆ ಅಲ್ವಾ, ದಿನಕ್ಕೆ ಹತ್ತಿರ ಹತ್ತಿರ 12 ಯೂನಿಟ್!

ನೀರು ಕಡಿಮೆ, ಇಳಿಜಾರು ಜಾಸ್ತಿ ಇದ್ದರೆ ಪೆಲ್ಟನ್ ಚಕ್ರ (ಅಂಚಿನ ಬಟ್ಟಲುಗಳಿಗೆ ನೀರು ಚಿಮ್ಮಿಸಿ ತಿರುಗಿಸುವ ಟರ್ಬೈನ್) ಸರಿ. ಬಳಸದ ಕರೆಂಟನ್ನು ಹೀಟರ್‌ಗೆ ತಿರುಗಿಸುವ ಕಂಟ್ರೋಲರ್ ಇರಲೇಬೇಕು. ಇಲ್ಲದಿದ್ದರೆ ಲೋಡ್ (ಕರೆಂಟ್ ಬಳಕೆ) ತಪ್ಪಿದ ಕೂಡಲೇ ಟರ್ಬೈನ್ ವಿಪರೀತ ವೇಗ ಹಿಡಿಯುತ್ತದೆ. (ಆ ಹೀಟರ್‌ನಿಂದ ಬಚ್ಚಲಿಗೆ ಬಿಸಿನೀರು ಪುಕ್ಕಟೆ!) ಪೈಪಿನ ಬಾಯಿಗೆ ದರಗು ಕಟ್ಟಿಕೊಳ್ಳುತ್ತದೆ, ಜಾಲರಿಯನ್ನು ಆಗಾಗ ತೊಳೆಯಬೇಕು.

ಜುಲೈನಲ್ಲಿ ಅಳೆದು ಖುಷಿಪಡಬೇಡಿ. ಮಾರ್ಚ್‌ನಲ್ಲೂ ಒಮ್ಮೆ ಬಕೆಟ್ ಹಿಡಿಯಿರಿ. ಹಳ್ಳ ಬತ್ತುವುದಾದರೆ ಮೆಸ್ಕಾಂ ಲೈನ್ ಇಟ್ಟುಕೊಳ್ಳಿ, ಇಲ್ಲವೇ ಬೇಸಿಗೆಗೆ ಸೋಲಾರ್ ಹಾಕಿಸಿ.