ವಾಡೆಯ ಬಣ್ಣದ ಗಾಜು ಬದಲಿಸಬೇಕಾ?

ಪ್ರಶ್ನೆ: ಆಳಂದದಲ್ಲಿ ನಮ್ಮ ಅಜ್ಜನ ಕಾಲದ ವಾಡೆ ಇದೆ. ಬಾಗಿಲ ಮೇಲಿನ ಕಟ್ಟಿಗೆ ಕಮಾನಿನಲ್ಲಿ ಕೆಂಪು, ನೀಲಿ, ಹಸಿರು ಗಾಜುಗಳಿವೆ. ಎರಡು ಕೆಂಪು ಗಾಜು ಸೀಳಿವೆ, ಕೆಲವು ಅಲುಗಾಡುತ್ತಿವೆ. ಆಸಿಡ್ ಹಾಕಿ ತೊಳೆದು, ಸೀಳಿದ ಕಡೆ ಹೊಸ ಗಾಜು ಕೂರಿಸೋಣ ಅಂತಾರೆ ಬಡಿಗೇರರು. ಗಾಜು ಕೆಳಗಡೆ ದಪ್ಪ ಇದೆ. ಬಿಸಿಲಿಗೆ ಕರಗಿ ಇಳಿದಿದೆಯೇ?

ಉತ್ತರ: ಆಸಿಡ್ ಬೇಡವೇ ಬೇಡ. ಗಾಜನ್ನು ಕಟ್ಟಿಗೆಗೆ ಹಿಡಿದಿಡುವ ಹಳೇ ಪುಟ್ಟಿಯಲ್ಲಿ ಸೀಮೆಸುಣ್ಣ ಇರುತ್ತದೆ, ಆಸಿಡ್ ತಾಗಿದರೆ ನೊರೆಯೆದ್ದು ಕರಗುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ಕೊಡವಿ. ಗಾಜಿನ ಮೇಲೆ ಚಿತ್ರ ಬರೆದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಹತ್ತಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಿಂಡಿ, ಒರೆಸಿ.

ಕೆಂಪು ಗಾಜನ್ನು ದಯವಿಟ್ಟು ಎಸೆಯಬೇಡಿ. ತಾಮ್ರದಿಂದ ಬರುವ ಕೆಂಪು ತುಂಬಾ ಗಾಢ. ಇಡೀ ಗಾಜು ಅದೇ ಆದರೆ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಬಣ್ಣವಿಲ್ಲದ ಗಾಜಿನ ಮೇಲೆ ಕೆಂಪಿನ ತೆಳು ಪದರ ಕೊಡುತ್ತಿದ್ದರು. ಸೀಳಿದ ಅಂಚನ್ನು ಓರೆಯಾಗಿ ನೋಡಿ, ಪದರ ಇದ್ದರೆ ಕಾಣುತ್ತದೆ. ಬ್ಲೇಡಿನಿಂದ ಕೆರೆದರೆ ಬಣ್ಣವೇ ಹೋದೀತು. ಇಂಥ ಗಾಜು ಈಗ ಸುಲಭಕ್ಕೆ ಸಿಗುವುದಿಲ್ಲ. ತುಂಡುಗಳು ಜಾಗದಲ್ಲಿ ಗಟ್ಟಿಯಾಗಿದ್ದರೆ ಹಾಗೇ ಬಿಡಿ. ಸಡಿಲವಾಗಿದ್ದರೆ ಗಾಜಿನ ಸಂರಕ್ಷಣೆ ಬಲ್ಲವರು ಎಪಾಕ್ಸಿ ಎಂಬ ಅಂಟಿನಿಂದ ಅಂಚಿಗೆ ಅಂಚು ಕೂಡಿಸುತ್ತಾರೆ. ಕ್ವಿಕ್ ಗಮ್ ಹಚ್ಚಬೇಡಿ.

ನಿಮ್ಮ ಕಮಾನಿಗೆ ಬಂದಿರುವ ದೊಡ್ಡ ತೊಂದರೆ ಪುಟ್ಟಿಯದ್ದು ಅನಿಸುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ಹೊಸದೇನಲ್ಲ, ಅಲ್ವಾ? ಕಟ್ಟಿಗೆ ಆಗ ಕುಗ್ಗುತ್ತದೆ, ಮಳೆಗಾಲಕ್ಕೆ ಉಬ್ಬುತ್ತದೆ. ಒಣಗಿದ ಪುಟ್ಟಿ ಅದನ್ನು ತಾಳದೆ ಉದುರುತ್ತದೆ. ಬಿಚ್ಚುವ ಮೊದಲು ಫೋಟೊ ತೆಗೆದು, ಯಾವ ಗಾಜು ಎಲ್ಲಿಯದು ಅಂತ ಗುರುತು ಮಾಡಿ. ಸೀಮೆಸುಣ್ಣದ ಪುಡಿಯನ್ನು ಅಗಸಿ ಎಣ್ಣೆಯಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಗಾಜು ಕೂರುವ ಕಟ್ಟಿಗೆಗೆ ಮೊದಲು ಅದೇ ಎಣ್ಣೆ ಸವರಿ. ಇಲ್ಲದಿದ್ದರೆ ಒಣ ಕಟ್ಟಿಗೆ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಗಾಜಿನ ಸುತ್ತ ಸುಮಾರು 2 ಮಿ.ಮೀ. ಜಾಗ ಇರಲಿ. ಗೋಡೆಗೆ ಬಳಿಯುವ ಪುಟ್ಟಿ, ಸಿಲಿಕೋನ್ ಎರಡೂ ಬೇಡ. ಮುಂದೆ ಬಿಚ್ಚುವಾಗ ಗಾಜೇ ಒಡೆಯಬಹುದು.

ಒಂದು ಎಚ್ಚರಿಕೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗೇ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹಾಕಿ ಒಣಗಿಸಿ.

ಗಾಜು ಕರಗಿ ಇಳಿದಿಲ್ಲ. ಅದು ಮೆತ್ತಗಾಗಲು 500 ಡಿಗ್ರಿಗೂ ಹೆಚ್ಚು ಕಾವು ಬೇಕು. ಊದಿ ಮಾಡಿದ ಗಾಜು ಎಲ್ಲ ಕಡೆ ಒಂದೇ ದಪ್ಪ ಬರುತ್ತಿರಲಿಲ್ಲ. ಕೂರಿಸಿದವರು ದಪ್ಪ ಅಂಚನ್ನು ಕೆಳಗೆ ಇಟ್ಟಿರಬೇಕು. ನೀವೂ ಹಾಗೇ ಕೂರಿಸಿ.